ಹಂಡೆಯೂ ಇತ್ತು, ಕಷಾಯವೂ ಇತ್ತು

ಕಳೆದ ದಸರಾ ರಜೆಯಲ್ಲಿ ಲೊಕ್ಕನಹಳ್ಳಿಯ ನಮ್ಮ ನಡುಮನೆಯಲ್ಲಿ ಒಬ್ಬ ಯೋಧ ಸತ್ತ. ಗಾಬರಿಯಾಗಬೇಡಿ, ಕಾಗದದ ಮೇಲಿನ ಯೋಧ. ಅಕ್ಕನ ಮಗ, ಹದಿನಾರರ ಹುಡುಗ, ಮೂರು ತಿಂಗಳಿಂದ ಸಾಕಿ ಬೆಳೆಸಿದ್ದ ಪಾತ್ರ ಅದು. ಅವನ ತಂಗಿಗೆ ಹದಿಮೂರು. ಅಣ್ಣನ ಯೋಧನನ್ನು ಬದುಕಿಸೋ ಮದ್ದು ಅವಳ ಕೈಯಲ್ಲೇ ಇತ್ತು. "ನಿಯಮದಲ್ಲಿ ಹಾಗೆ ಬರಲ್ಲ" ಅಂತ ನಾನು ತಡೆದೆ. ನಿಯಮದಲ್ಲಿ ಹಾಗೇ ಇತ್ತು. ನಾನು ತಪ್ಪಾಗಿ ಓದಿದ್ದೆ.

ಆ ತಪ್ಪಿನ ಕಥೆಯನ್ನೂ, ಆಮೇಲೆ ಕೂತು ಆ ನಿಯಮವನ್ನು ಹೇಗೆ ಓದಬೇಕು ಅಂತ ಕಲಿತದ್ದನ್ನೂ ಇಲ್ಲಿ ಬರೀತಿದ್ದೀನಿ. ಮನೆಯಲ್ಲಿ ಮಕ್ಕಳ ಜೊತೆ ಇಂಥ ಆಟ ಆಡುವವರಿಗೆ ಉಪಯೋಗವಾದೀತು. ಆಡದವರಿಗೂ, ಮನೆಮಂದಿಯ ನಡುವೆ ತೀರ್ಪು ಕೊಡೋ ಕಷ್ಟ ಗೊತ್ತೇ ಇರುತ್ತದಲ್ಲ.

ಏನಿದು ಆಟ?

ಆಟದ ಹೆಸರು ‘ಡಂಜನ್ಸ್ ಅಂಡ್ ಡ್ರಾಗನ್ಸ್’. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಹೊರತಂದದ್ದು. ಬೋರ್ಡ್ ಇಲ್ಲದೆಯೂ ಆಡಬಹುದು. ಒಬ್ಬರು ಕಥೆ ಹೇಳುತ್ತಾರೆ, ಉಳಿದವರು ಆ ಕಥೆಯೊಳಗಿನ ಒಂದೊಂದು ಪಾತ್ರವಾಗುತ್ತಾರೆ. "ಗುಹೆ ಬಾಗಿಲಲ್ಲಿ ಏನೋ ಉಸಿರಾಡ್ತಾ ಇದೆ, ಏನ್ ಮಾಡ್ತೀರಾ?" ಅಂತ ಕಥೆಗಾರ ಕೇಳಿದರೆ, ಆಟಗಾರರು ಹೇಳಿದ್ದು ಆಗುತ್ತೋ ಇಲ್ಲವೋ ಅನ್ನೋದನ್ನು ದಾಳ ನಿರ್ಧರಿಸುತ್ತೆ. ಮುಖ್ಯ ದಾಳಕ್ಕೆ ಇಪ್ಪತ್ತು ಮುಖ. ಜೊತೆಗೆ ನಾಲ್ಕು, ಆರು, ಎಂಟು, ಹತ್ತು, ಹನ್ನೆರಡು ಮುಖದವೂ ಇರುತ್ತವೆ.

ನಾನು ಇದನ್ನು ಕಲಿತದ್ದು ಬೆಂಗಳೂರಿನಲ್ಲಿ, ಆಫೀಸಿನ ಗೆಳೆಯರ ಜೊತೆ ಶನಿವಾರದ ಸಂಜೆಗಳಲ್ಲಿ. ವಾರದಲ್ಲಿ ಮೂರು ದಿನ ಮನೆಯಿಂದಲೇ ಕೆಲಸ ಮಾಡಬಹುದು ಅಂತಾದ ಮೇಲೆ ಊರಿನ ಓಡಾಟ ಹೆಚ್ಚಾಯ್ತು. ಪುಸ್ತಕ, ದಾಳ ಎರಡೂ ಬ್ಯಾಗಿನಲ್ಲಿ ಊರಿಗೆ ಬಂದವು. ಲೊಕ್ಕನಹಳ್ಳಿ ಗೊತ್ತಿಲ್ಲದವರಿಗೆ: ಹನೂರು ತಾಲ್ಲೂಕು, ಕೊಳ್ಳೇಗಾಲದಿಂದ ಒಡೆಯರಪಾಳ್ಯದ ಕಡೆ ಹೋಗೋ ದಾರಿಯಲ್ಲಿ ಸಿಗೋ ಊರು. ಒಂದು ಕಡೆ ಮುಸುಕಿನ ಜೋಳದ ಹೊಲ, ಇನ್ನೊಂದು ಕಡೆ ಕಣ್ಣಿಗೆ ಕಾಣೋ ದೂರದಲ್ಲಿ ಬಿಳಿಗಿರಿರಂಗನ ಬೆಟ್ಟದ ಕಾಡು. ಸಂಜೆ ಕರೆಂಟು ಹೋದರೆ ಟೀವಿ ಇಲ್ಲ, ಮೊಬೈಲ್ ಸಿಗ್ನಲ್ಲೂ ಅಷ್ಟಕ್ಕಷ್ಟೆ. ಕಥೆ ಹೇಳೋ ಆಟಕ್ಕೆ ಇದಕ್ಕಿಂತ ಒಳ್ಳೆ ಜಾಗ ಬೇಕೆ?

ನಮಗೆ ಈ ಥರದ್ದು ಹೊಸದೂ ಅಲ್ಲ. ಹುಲಿ ಮೇಲೆ ಬಂದ ಮಾದಪ್ಪನ ಕಥೆಯನ್ನು ರಾತ್ರಿಯಿಡೀ ಕೇಳಿ ಬೆಳೆದ ಸೀಮೆ ಇದು. ಬೀಸು ಕಂಸಾಳೆಯವರನ್ನೇ ನೋಡಿ. ಹಾಡೂ ಇದೆ, ಕುಣಿತವೂ ಇದೆ, ವರಸೆಯೂ ಇದೆ. ಒಬ್ಬನೇ ಮನುಷ್ಯನಲ್ಲಿ ಮೂರು ಕಸುಬು. ಅಕ್ಕನ ಮಕ್ಕಳು ಬೆಳೆದ ಮೈಸೂರಿನಲ್ಲಂತೂ ಮುಮ್ಮಡಿ ಕೃಷ್ಣರಾಜ ಒಡೆಯರು ತಾವೇ ಹೊಸ ಹೊಸ ಮಣೆಯಾಟ, ಗಂಜೀಫಾ ಆಟಗಳನ್ನು ಕಟ್ಟಿ, ಶ್ರೀತತ್ತ್ವನಿಧಿಯ ‘ಕೌತುಕನಿಧಿ’ ಭಾಗದಲ್ಲಿ ಬರೆಸಿಟ್ಟರು. ನಿಯಮ ಜಾಸ್ತಿ ಇರೋ ಆಟ ಅಂದರೆ ನಮ್ಮವರು ಯಾವತ್ತೂ ಹಿಂದೆ ಸರಿದವರಲ್ಲ.

ಜೋಡಿ ಕಸುಬು

ಈ ಆಟದಲ್ಲಿ ಪ್ರತಿ ಪಾತ್ರಕ್ಕೂ ಒಂದು ‘ಕ್ಲಾಸ್’ ಇರುತ್ತೆ. ಯೋಧ, ಕಳ್ಳ, ಮಾಂತ್ರಿಕ, ಪೂಜಾರಿ, ಬೇಟೆಗಾರ ಹೀಗೆ. ನಾವು ಮನೆಯಲ್ಲಿ ಅದನ್ನ ‘ಕಸುಬು’ ಅಂತೀವಿ. ಅನುಭವ ಹೆಚ್ಚಾದ ಹಾಗೆ ಒಂದನೇ ಹಂತ, ಎರಡನೇ ಹಂತ ಅಂತ ಇಪ್ಪತ್ತರವರೆಗೂ ಏರಬಹುದು. ಏರುವಾಗ ಹಳೆ ಕಸುಬಿನಲ್ಲೇ ಮುಂದುವರಿಯಬಹುದು, ಇಲ್ಲವೇ ಹೊಸ ಕಸುಬಿನ ಒಂದನೇ ಹಂತ ತಗೋಬಹುದು. ಇದೇ ‘ಮಲ್ಟಿಕ್ಲಾಸಿಂಗ್’. ನಮ್ಮ ಮಾತಲ್ಲಿ ಜೋಡಿ ಕಸುಬು.

ಕೇಳೋಕೆ ಸುಲಭ. ಆದರೆ ಐವತ್ತು ವರ್ಷದಿಂದ ಈ ಆಟದವರು ಈ ಒಂದು ನಿಯಮವನ್ನ ಬದಲಾಯಿಸ್ತಾನೇ ಬಂದಿದ್ದಾರೆ. 1978ರ ಪುಸ್ತಕದಲ್ಲಿ ಎಲ್ಫ್, ಕುಳ್ಳರಂಥ ಜನಕ್ಕೆ ಎರಡು ಕಸುಬನ್ನ ಒಟ್ಟಿಗೇ ಕಲಿಯೋ ಅವಕಾಶ ಇತ್ತು, ಆದರೆ ಬಂದ ಅನುಭವ ಎರಡಕ್ಕೂ ಸಮನಾಗಿ ಹಂಚಿಹೋಗುತ್ತಿತ್ತು. ಮನುಷ್ಯರಿಗೆ ಬೇರೆ ಕಾನೂನು. ಹಳೆ ಕಸುಬು ಬಿಟ್ಟು ಹೊಸದಕ್ಕೆ ಹೋಗಬಹುದು. ಅದಕ್ಕೆ ಹಳೆಯದರ ಮುಖ್ಯ ಗುಣ ಕನಿಷ್ಠ 15, ಹೊಸದರ ಮುಖ್ಯ ಗುಣ 17 ಇರಬೇಕು. ಹೊಸದರಲ್ಲಿ ಹಳೆಯದನ್ನ ಮೀರೋವರೆಗೂ ಹಳೆ ವಿದ್ಯೆ ಬಳಸಿದರೆ ಆ ಸಾಹಸದ ಅನುಭವವೇ ಹೋಯ್ತು! 2000ದ ಮೂರನೇ ಆವೃತ್ತಿ ಬಾಗಿಲು ತೆರೆಯಿತು, ಆದರೆ ಎರಡು ಕಸುಬಿನ ಹಂತಗಳ ನಡುವೆ ಅಂತರ ಜಾಸ್ತಿಯಾದರೆ ಅನುಭವದಲ್ಲಿ ಶೇಕಡ 20 ಕಡಿತ ಅಂತ ಇಟ್ಟಿತು. 2014ರ ಐದನೇ ಆವೃತ್ತಿಯಲ್ಲಿ ಆ ದಂಡ ಇಲ್ಲ. ಎರಡೂ ಕಸುಬಿಗೆ ಬೇಕಾದ ಗುಣ ಕನಿಷ್ಠ 13 ಇದ್ದರೆ ಸಾಕು. ಅದೂ ಕಥೆಗಾರ ಒಪ್ಪಿದರೆ ಮಾತ್ರ. ನಾವು ಆಡೋದು ಈ 2014ರ ಪುಸ್ತಕ.

ನಮ್ಮ ಹುಡುಗಿಯ ಪಾತ್ರ ಕಾಡಲ್ಲಿ ಹೆಜ್ಜೆ ಗುರುತು ಹಿಡಿಯೋ ಬೇಟೆಗಾರ್ತಿ, ನಾಲ್ಕನೇ ಹಂತ. ಕಥೆಯಲ್ಲಿ ಒಂದು ಹಾಳು ಗುಡಿಯೊಳಗೆ ಮಂತ್ರದ ಪುಸ್ತಕ ಸಿಕ್ಕಿತು. "ನಾನು ಇದನ್ನ ಓದಿ ಕಲೀತೀನಿ ಮಾವ" ಅಂದಳು. ಬೇಟೆಗೆ ಬೇಕಾದ ಚುರುಕುತನ, ವಿವೇಕ, ಮಾಂತ್ರಿಕಕ್ಕೆ ಬೇಕಾದ ಬುದ್ಧಿ, ಮೂರೂ 13ಕ್ಕಿಂತ ಮೇಲಿದ್ದವು. ಆಗಲಿ ಅಂದೆ. ದಸರಾ ಹೊತ್ತಿಗೆ ಬೇಟೆಗಾರ್ತಿ ನಾಲ್ಕು, ಮಾಂತ್ರಿಕ ಮೂರು, ಒಟ್ಟು ಏಳನೇ ಹಂತಕ್ಕೆ ಬಂದಿದ್ದಳು.

ಪಾತ್ರೆ ಬೇರೆ, ಅಡುಗೆ ಬೇರೆ

ಇಲ್ಲಿಂದ ಜಗಳ ಶುರು. ಮಂತ್ರ ಹಾಕೋದಕ್ಕೆ ‘ಸ್ಲಾಟ್’ ಅಂತ ಬೇಕು. ಅದನ್ನ ಪಾತ್ರೆ ಅಂದ್ಕೊಳ್ಳಿ. ಒಂದನೇ ದರ್ಜೆಯದು ಚೊಂಬು, ಎರಡನೆಯದು ಬಿಂದಿಗೆ, ಮೂರನೆಯದು ಹಂಡೆ. ಮಂತ್ರ ಅಂದರೆ ಅಡುಗೆ. ದೊಡ್ಡ ಅಡುಗೆಗೆ ದೊಡ್ಡ ಪಾತ್ರೆನೇ ಬೇಕು. ಒಂದು ಪಾತ್ರೆ ಒಂದು ಸಲ ಬಳಸಿದರೆ ಮುಗೀತು, ರಾತ್ರಿ ನಿದ್ದೆ ಆದ ಮೇಲೆ ಮತ್ತೆ ಸಿಗುತ್ತೆ.

ಮಂತ್ರ ಬರೋ ಎರಡು ಕಸುಬು ಸೇರಿದಾಗ ಪಾತ್ರೆಗಳ ಲೆಕ್ಕ ಒಟ್ಟು ಸೇರಿಸಿ ಮಾಡಬೇಕು. ಮಾಂತ್ರಿಕರದ್ದು ಪೂರ್ತಿ ಹಂತ, ಬೇಟೆಗಾರರದ್ದು ಅರ್ಧ. ನಾಲ್ಕರ ಅರ್ಧ ಎರಡು, ಎರಡು ಪ್ಲಸ್ ಮೂರು ಐದು. ಕೋಷ್ಟಕದಲ್ಲಿ ಐದನೇ ಸಾಲು ನೋಡಿದರೆ: ಚೊಂಬು ನಾಲ್ಕು, ಬಿಂದಿಗೆ ಮೂರು, ಹಂಡೆ ಎರಡು.

"ಮಾವ, ನನ್ನತ್ರ ಹಂಡೆ ಇದೆ! ಬೆಂಕಿ ಚೆಂಡು ಕಲೀತೀನಿ" ಅಂತ ಕುಣಿದಳು. ಬೆಂಕಿ ಚೆಂಡು ಮೂರನೇ ದರ್ಜೆಯ ಮಂತ್ರ, ಈ ಆಟದ ಹುಡುಗರಿಗೆಲ್ಲ ಅದೇ ಕನಸು. ಅವಳ ವಾದದಲ್ಲಿ ಹುರುಳಿತ್ತು. ಮಾಂತ್ರಿಕರ ಅಧ್ಯಾಯದಲ್ಲಿ, ನಿನ್ನ ಹತ್ತಿರ ಯಾವ ದರ್ಜೆಯ ಸ್ಲಾಟ್ ಇದೆಯೋ ಆ ದರ್ಜೆಯ ಮಂತ್ರ ಕಲಿಯಬಹುದು ಅನ್ನೋ ಅರ್ಥದ ಮಾತಿದೆ. ಸ್ಲಾಟ್ ಇದೆ, ಆದ್ದರಿಂದ ಕಲಿಯಬಹುದು. ಕೋರ್ಟಿನಲ್ಲಿ ವಕೀಲರು ಮಾಡೋ ವಾದ ಇದು.

ಆದರೆ ಜೋಡಿ ಕಸುಬಿನ ಭಾಗದಲ್ಲಿ ಇನ್ನೊಂದು ಮಾತಿದೆ. ಯಾವ ಮಂತ್ರ ಬರುತ್ತೆ ಅನ್ನೋದನ್ನ ಪ್ರತಿ ಕಸುಬಿಗೂ ಬೇರೆ ಬೇರೆ ಲೆಕ್ಕ ಹಾಕಬೇಕು, ಆ ಒಂದೇ ಕಸುಬು ಇದ್ದಿದ್ದರೆ ಎಷ್ಟು ಬರ್ತಿತ್ತೋ ಅಷ್ಟೇ. ಬರೀ ಮೂರನೇ ಹಂತದ ಮಾಂತ್ರಿಕನಿಗೆ ಚೊಂಬು, ಬಿಂದಿಗೆ ಅಡುಗೆ ಮಾತ್ರ ಬರೋದು. ಹಾಗಾಗಿ ಹಂಡೆ ಇದ್ದರೂ ಹಂಡೆ ಅಡುಗೆ ಬರಲ್ಲ.

ಎರಡು ನಿಯಮ ಎದುರುಬದುರಾದರೆ ಯಾವುದು ಗೆಲ್ಲುತ್ತೆ? ಪುಸ್ತಕದ ಪೀಠಿಕೆಯಲ್ಲೇ ಉತ್ತರ ಇದೆ: ಸಾಮಾನ್ಯ ನಿಯಮಕ್ಕಿಂತ ವಿಶೇಷ ನಿಯಮ ಮೇಲು. ಇದನ್ನ ಅವಳ ಕನ್ನಡ ಪಾಠದಿಂದಲೇ ಹೇಳಿಕೊಟ್ಟೆ. ಸ್ವರದ ಮುಂದೆ ಸ್ವರ ಬಂದರೆ ಸಂಧಿ ಆಗಬೇಕು. ಆದರೆ ‘ಅಣ್ಣಾ ಓಡಿ ಬಾ’ ಅಂದಾಗ ಯಾಕೆ ಆಗಲ್ಲ? ಪ್ರಕೃತಿಭಾವ. ಕರೆಯುವಾಗಿನ ಮಾತಿಗೆ ಅಂತಲೇ ಇರೋ ವಿಶೇಷ ನಿಯಮ ಅಲ್ಲಿ ಗೆಲ್ಲುತ್ತೆ. ಹಾಗೇ ಜೋಡಿ ಕಸುಬಿಗೆ ಅಂತಲೇ ಬರೆದ ಮಾತು, ಮಾಂತ್ರಿಕರೆಲ್ಲರಿಗೂ ಬರೆದ ಮಾತಿಗಿಂತ ಮೇಲು. ಮುಖ ಸಣ್ಣದು ಮಾಡಿಕೊಂಡರೂ ಒಪ್ಪಿದಳು.

ಇಲ್ಲಿವರೆಗೂ ನಾನು ಸರಿ. ಆದರೆ ಮಾತು ಮುಗಿಸುವಾಗ ಒಂದು ಬಾಲ ಸೇರಿಸಿಬಿಟ್ಟೆ. "ಆ ಎರಡು ಹಂಡೆ ನಿಂಗೆ ಈಗ ಉಪಯೋಗಕ್ಕಿಲ್ಲ, ಖಾಲಿ ಬಿದ್ದಿರಲಿ" ಅಂದೆ.

ಆ ರಾತ್ರಿ

ಆಯುಧಪೂಜೆ ಮಾರನೇ ದಿನ ಸಂಜೆ. ಕರೆಂಟು ಹೋಗಿತ್ತು, ಎಮರ್ಜೆನ್ಸಿ ದೀಪದಲ್ಲಿ ಆಡ್ತಿದ್ವಿ. ಕೊಳ್ಳೇಗಾಲದಲ್ಲಿ ಕೆಲಸ ಮಾಡೋ ಚಿಕ್ಕಪ್ಪನ ಮಗನೂ ಬಂದಿದ್ದ. ಅವನದ್ದು ಕಳ್ಳನ ಪಾತ್ರ. ಬೆಟ್ಟದ ಗುಹೆಯಲ್ಲಿ ಟ್ರೋಲ್ ಅನ್ನೋ ರಕ್ಕಸ. ಯೋಧ ಮುಂದೆ ನುಗ್ಗಿ ಏಟು ತಿಂದು ಬಿದ್ದ. ಹಾಗೆ ಬಿದ್ದವನು ತನ್ನ ಸರದಿಗೊಮ್ಮೆ ಇಪ್ಪತ್ತು ಮುಖದ ದಾಳ ಹಾಕಬೇಕು. ಹತ್ತಕ್ಕಿಂತ ಕಡಿಮೆ ಮೂರು ಸಲ ಬಿದ್ದರೆ ಸಾವು. ಎರಡು ಸಲ ಬಿದ್ದಾಗಿತ್ತು.

ಹುಡುಗಿಯ ಸರದಿ ಬಂತು. ಚೊಂಬು, ಬಿಂದಿಗೆ ಎಲ್ಲ ಮುಗಿದಿದ್ದವು. ಗಾಯ ವಾಸಿ ಮಾಡೋ ಮಂತ್ರ ಬೇಟೆಗಾರ್ತಿಗೆ ಬರುತ್ತೆ, ಒಂದನೇ ದರ್ಜೆಯದು. ಅದನ್ನ ನಾವು ಕಷಾಯ ಅಂತಿದ್ವಿ. "ಮಾವ, ಕಷಾಯಾನ ಹಂಡೆಲಿ ಹಾಕಬೋದಾ?" ಅಂದಳು.

ಆಗಲ್ಲ ಅಂದೆ. "ಹಂಡೆ ನಿಂಗೆ ಖಾಲಿ ಅಂತ ಮೊನ್ನೆನೇ ಹೇಳಿದ್ನಲ್ಲ."

ಅವಳು ಇನ್ನೊಂದು ಸಲ ಕೇಳಿದಳು. ಅಣ್ಣ ಕೂಗಾಡಿದ. ನಾನು ಪುಸ್ತಕ ತೆರೆಯಬಹುದಿತ್ತು, ಅರ್ಧ ನಿಮಿಷದ ಕೆಲಸ. ತೆರೆಯಲಿಲ್ಲ. ಕೊಟ್ಟ ಮಾತು ಉಳಿಸಿಕೊಳ್ಳೋ ಹಠ, ಜೊತೆಗೆ ಎಂಟು ವರ್ಷ ಕೋಡ್ ಬರೆದವನು ಎರಡು ಸಾಲಿನ ನಿಯಮ ತಪ್ಪು ಓದ್ತೀನಾ ಅನ್ನೋ ಕೊಬ್ಬು. ಅವಳು ಬಾಣ ಬಿಟ್ಟಳು, ಗುರಿ ತಪ್ಪಿತು. ಅಣ್ಣ ದಾಳ ಹಾಕಿದ. ಆರು. ಯೋಧ ಸತ್ತ.

ಹುಡುಗ ಸಿಟ್ಟಲ್ಲಿ ಎದ್ದು ಹೋದ. ಹುಡುಗಿ ಅಳಲಿಲ್ಲ, ಸುಮ್ಮನೆ ದಾಳಗಳನ್ನ ಚೀಲಕ್ಕೆ ತುಂಬಿದಳು. ಊಟಕ್ಕೆ ಕೂತಾಗ ನನ್ನ ಕಡೆ ನೋಡಲಿಲ್ಲ. ಮಲಗೋಕೆ ಹೋಗುವಾಗ ಪುಸ್ತಕ ಎತ್ತಿಕೊಂಡು ಹೋದಳು.

ಬೆಳಿಗ್ಗೆ ಜಗಲಿ ಮೇಲೆ ಕಾಫಿ ಕುಡೀತಿದ್ದೆ. ಪುಸ್ತಕ ತಂದು ಪಕ್ಕದಲ್ಲಿಟ್ಟಳು. ಆರನೇ ಅಧ್ಯಾಯದಲ್ಲಿ ಬಸ್ ಟಿಕೆಟ್ ಗುರುತು. "ಇದ್ ಓದಿ ಮಾವ" ಅಂದಳು, ಅಷ್ಟೆ. ನಿನಗೆ ಬರೋ ಮಂತ್ರಕ್ಕಿಂತ ದೊಡ್ಡ ದರ್ಜೆಯ ಸ್ಲಾಟ್ ಸಿಕ್ಕಿದ್ದರೆ ಅದರಲ್ಲಿ ಸಣ್ಣ ದರ್ಜೆಯ ಮಂತ್ರ ಹಾಕಬಹುದು ಅಂತ ಸ್ಪಷ್ಟವಾಗಿ ಇತ್ತು. ಬೇಟೆಗಾರ್ತಿ ನಾಲ್ಕು, ಮಾಂತ್ರಿಕ ಮೂರು ಅಂತ ಉದಾಹರಣೆ ಕೂಡ ಅಲ್ಲೇ ಇತ್ತು, ಅವಳದ್ದೇ ಪಾತ್ರ ಇಟ್ಟುಕೊಂಡು ಬರೆದ ಹಾಗೆ! ಅದೂ ಅಲ್ಲದೆ ಈ ಕಷಾಯ ದೊಡ್ಡ ಪಾತ್ರೆಯಲ್ಲಿ ಕಾಸಿದರೆ ಜಾಸ್ತಿ ಆಗುತ್ತೆ. ಚೊಂಬಿನಲ್ಲಿ ಎಂಟು ಮುಖದ ದಾಳ ಒಂದು, ಹಂಡೆಯಲ್ಲಿ ಮೂರು.

ಹಂಡೆ ಇದೆ ಅಂತ ಹಬ್ಬದಡುಗೆ ಬರಲ್ಲ, ನಿಜ. ಆದರೆ ಹಂಡೆಯಲ್ಲಿ ಕಷಾಯ ಕಾಸಬೇಡ ಅಂತ ಯಾರು ಹೇಳಿದರು? ನಾನು ಹೇಳಿದ್ದೆ.

ತಪ್ಪನ್ನ ಒಪ್ಪಿಕೊಂಡೆ. ಅವಳ ಹತ್ತಿರ ಗುಟ್ಟಾಗಿ ಅಲ್ಲ. ಹಿಂದಿನ ರಾತ್ರಿ ಎಲ್ಲರೆದುರು ತಡೆದಿದ್ದೆನಲ್ಲ, ತಿಂಡಿಗೆ ಎಲ್ಲರೂ ಕೂತಾಗಲೇ ಹೇಳಿದೆ. ಅವಳ ಅಣ್ಣ "ಸತ್ತವನು ಸತ್ತ ಬಿಡಿ, ಬೇರೆ ಪಾತ್ರ ಮಾಡ್ತೀನಿ" ಅಂತ ಮುಖ ತಿರುಗಿಸಿದ. ತಂಗಿ ಬಿಡಲಿಲ್ಲ. "ನಿಂದಲ್ಲ ಕನೋ, ಅದು ನನ್ ಸರದಿ. ನಂಗೆ ಅದು ವಾಪಸ್ ಬೇಕು" ಅಂದಳು. ಅದು ನ್ಯಾಯವಾದ ಮಾತು. ಅವಳ ಸರದಿಯಿಂದಲೇ ಮತ್ತೆ ಆಡಿದ್ವಿ. ಮೂರು ದಾಳ: ಒಂದು, ಎರಡು, ನಾಲ್ಕು. ವಿವೇಕದ್ದು ಎರಡು ಸೇರಿ ಒಂಬತ್ತು. ಹೇಳಿಕೊಳ್ಳೋ ಅಂಥದ್ದೇನಲ್ಲ. ಆದರೂ ಯೋಧ ಕಣ್ಣು ಬಿಟ್ಟ, ಕಳ್ಳ ಅವನನ್ನ ಗುಹೆಯಿಂದ ಎಳೆದು ತಂದ. ಟ್ರೋಲ್ ಇನ್ನೂ ಅಲ್ಲೇ ಇದೆ, ಬೇಸಿಗೆ ರಜೆಗೆ ಕಾಯ್ತಿದೆ.

ನಿಯಮ ಓದೋಕೆ ಮೂರು ಗೂಡು

ಆಮೇಲೆ ನಾನೂ ಅವಳೂ ಕೂತು ಜೋಡಿ ಕಸುಬಿನ ನಿಯಮಗಳನ್ನ ಕ್ಯಾಲೆಂಡರ್ ಹಾಳೆಯ ಹಿಂದೆ ಮೂರು ಗೂಡಾಗಿ ಬರೆದ್ವಿ. ಯಾವ ಗೊಂದಲ ಬಂದರೂ ಮೊದಲು ಇದು ಯಾವ ಗೂಡಿನದ್ದು ಅಂತ ಕೇಳಿಕೊಂಡರೆ ಅರ್ಧ ಜಗಳ ಅಲ್ಲೇ ಮುಗಿಯುತ್ತೆ.

ಮೊದಲನೇ ಗೂಡು, ಒಟ್ಟು ಹಂತ ನೋಡೋ ವಿಷಯಗಳು. ಪಳಗಿದ ಕೆಲಸಕ್ಕೆ ಸಿಗೋ ಬೋನಸ್ ಒಟ್ಟು ಹಂತದ ಮೇಲೆ ನಿಂತಿದೆ. ಒಟ್ಟು ಏಳು ಅಂದರೆ ಪ್ಲಸ್ ಮೂರು, ಯಾವ ಕಸುಬು ಎಷ್ಟಾದರೂ ಇರಲಿ. ಸ್ಲಾಟ್ ಬೇಡದ ಪುಟ್ಟ ಮಂತ್ರಗಳ ಜೋರು ಕೂಡ ಒಟ್ಟು ಹಂತದ ಮೇಲೆಯೇ.

ಎರಡನೇ ಗೂಡು, ಆಯಾ ಕಸುಬಿನ ಹಂತ ಮಾತ್ರ ನೋಡೋ ವಿಷಯಗಳು. ಬರೋ ಮಂತ್ರಗಳು ಇಲ್ಲಿ. ಗುಣದ ಅಂಕ ಏರಿಸಿಕೊಳ್ಳೋ ಅವಕಾಶವೂ ಇಲ್ಲೇ. ಅದು ಒಂದು ಕಸುಬಿನ ನಾಲ್ಕನೇ ಹಂತದಲ್ಲಿ ಸಿಗೋದು. ಮೂರು ಇದು, ಮೂರು ಅದು ಅಂತ ಹಂಚಿದರೆ ಒಟ್ಟು ಆರಾದರೂ ಒಂದೂ ಸಿಗಲ್ಲ. ಹೊಸಬರು ಎಡವೋದು ಹೆಚ್ಚಾಗಿ ಇಲ್ಲೇ.

ಮೂರನೇ ಗೂಡು, ಕೂಡಲಾರದವು. ಯೋಧನಿಗೆ ಐದನೇ ಹಂತದಲ್ಲಿ ಒಂದು ಸರದಿಗೆ ಎರಡು ಏಟು ಸಿಗುತ್ತೆ. ಬಾರ್ಬೇರಿಯನ್ ಅನ್ನೋ ರೊಚ್ಚಿನ ಕಾಳಗಗಾರನಿಗೂ ಐದಕ್ಕೆ ಅದೇ. ಎರಡೂ ಸೇರಿದರೆ ಮೂರು ಏಟು ಅಂತ ಹುಡುಗನ ಲೆಕ್ಕಾಚಾರ ಇತ್ತು. ಇಲ್ಲ, ಎರಡೇ. ಎರಡು ಕೊಡೆ ಹಿಡಿದರೆ ಮಳೆ ಅರ್ಧ ಆಗಲ್ಲ. ಹಾಗೇ ಮೊದಲ ಕಸುಬು ಯಾವುದು ಅನ್ನೋದೂ ಮುಖ್ಯ. ಯೋಧನಾಗೇ ಶುರು ಮಾಡಿದವನಿಗೆ ಭಾರದ ಕವಚ ತೊಡೋ ತರಬೇತಿ ಇರುತ್ತೆ, ಆಮೇಲೆ ಯೋಧನಾದವನಿಗೆ ಅದು ಸಿಗಲ್ಲ.

ಸ್ಲಾಟ್ ಒಂದೇ ಮೂರೂ ಗೂಡಿಗೆ ಸರಿಯಾಗಿ ಕೂರದ್ದು. ಅದಕ್ಕೆ ಅಂತಲೇ ಬೇರೆ ಕೋಷ್ಟಕ ಇರೋದು. ಅರ್ಧ ಮಾಡುವಾಗ ಉಳಿದ ಭಾಗ 2014ರ ಪುಸ್ತಕದಲ್ಲಿ ಕೆಳಕ್ಕೆ, 2024ರ ಹೊಸ ಪುಸ್ತಕದಲ್ಲಿ ಮೇಲಕ್ಕೆ. ಆದ್ದರಿಂದ ಯಾವ ಪುಸ್ತಕ ಅಂತ ಮೊದಲೇ ಗೊತ್ತು ಮಾಡ್ಕೊಳ್ಳಿ.

ನಮ್ಮ ಅಜ್ಜಿ ಇದ್ದಾಗ ಚೌಕಾಬಾರದಲ್ಲೂ ಹೀಗೇ ಇತ್ತು. ಒಂದೇ ಮನೆಯಲ್ಲಿ ನಮ್ಮ ಎರಡು ಕಾಯಿ ಸೇರಿದರೆ ‘ಗಟ್ಟಿ’. ಒಂಟಿ ಕಾಯಿ ಅದನ್ನ ಹೊಡೆಯೋ ಹಾಗಿಲ್ಲ. ಆದರೆ ಗಟ್ಟಿ ನಡೆಯೋದು ಬಿದ್ದ ಗರದ ಅರ್ಧ, ಬೆಸ ಬಿದ್ದರೆ ಅಲುಗಾಡೋ ಹಾಗೇ ಇಲ್ಲ. ಜೋಡಿಯಾದರೆ ಬಲ ಬರುತ್ತೆ, ನಡಿಗೆ ನಿಧಾನವಾಗುತ್ತೆ. ಕೊಳ್ಳೇಗಾಲದ ಅತ್ತೆ ಮನೆಗೆ ಹೋದರೆ ಗಟ್ಟಿ ನಿಯಮವೇ ಇಲ್ಲ. ಅದಕ್ಕೇ ಅಜ್ಜಿ ಕವಡೆ ಮುಟ್ಟೋ ಮೊದಲು ಕೇಳೋಳು: "ಗಟ್ಟಿ ಉಂಟೋ ಇಲ್ವೋ, ಈಗ್ಲೇ ಹೇಳ್ಬುಡಿ."

ಅಪ್ಪನ ಪ್ರಶ್ನೆ

ನಮ್ಮ ಆಟವನ್ನ ಅಪ್ಪ ಮೂಲೆಯಲ್ಲಿ ಕೂತು ನೋಡ್ತಿದ್ದರು. ಒಂದಿನ ಕೇಳಿದರು, "ಎರಡ್ ಕಸುಬು ಹಿಡುದ್ರೆ ಯಾವ್ದೂ ಪೂರ್ತಿ ಬರಾಕಿಲ್ಲ ಅಂತಾನಾ ನಿನ್ ಪುಸ್ತಕ ಹೇಳೋದು?"

ಪ್ರಶ್ನೆ ಹುಡುಗಿಗಲ್ಲ, ನನಗೆ ಅಂತ ಗೊತ್ತಾಯ್ತು. ಹೋದ ವರ್ಷದಿಂದ ಅವರಿಗೆ ಮಂಡಿನೋವು ಜಾಸ್ತಿ. ಮನೆಯಿಂದ ಕೆಲಸ ಮಾಡೋ ದಿನಗಳಲ್ಲಿ ಬೆಳಿಗ್ಗೆ, ಸಂಜೆ ನಾನೇ ಹೊಲಕ್ಕೆ ಹೋಗ್ತೀನಿ. ಆಫೀಸಿನಲ್ಲಿ ದೊಡ್ಡ ಸಿಸ್ಟಮ್ ನೋಡಿಕೊಳ್ಳೋನು ನಾನು. ಹೊಲದಲ್ಲಿ ಮೋಟರಿಗೆ ಟೈಮರ್ ಕಟ್ಟಿದೆ, ಖರ್ಚಿನ ಲೆಕ್ಕಕ್ಕೆ ಶೀಟ್ ಮಾಡಿದೆ. ಆದರೆ ಜೋಳದ ತೆನೆ ಮುಟ್ಟಿ ಇನ್ನೂ ವಾರ ಬೇಕು ಅಂತ ಅಪ್ಪ ಹೇಳೋದು ನನಗೆ ಬರಲ್ಲ. ರಾತ್ರಿ ಸದ್ದು ಕೇಳಿದರೆ ಹಂದಿಯೋ ಗಾಳಿಯೋ ಅಂತಲೂ ಗೊತ್ತಾಗಲ್ಲ. ಪಾತ್ರೆ ದೊಡ್ಡದಿದೆ, ಅಡುಗೆ ಒಂದನೇ ಹಂತದ್ದು.

"ಪುಸ್ತಕ ಹಂಗ್ ಹೇಳಲ್ಲಪ್ಪ" ಅಂದೆ. "ಹೊಸದ್ರಲ್ಲಿ ಒಂದನೇ ಹಂತದಿಂದ ಶುರು ಮಾಡು, ಹಳೇದು ಎಲ್ಲಿಗೂ ಹೋಗಲ್ಲ ಅನ್ನುತ್ತೆ."

"ಸರಿ, ಹಂಗಾರೆ ನಾಳೆ ಬೆಳ್ಗೆ ನೀರ್ ಕಟ್ಟಾಕೆ ನೀನೇ ಹೋಗು" ಅಂದರು.

ಆಡುವವರಿಗೆ ಕೊನೆಯ ಮಾತು. ಆಟದ ನಡುವೆ ಅನುಮಾನ ಬಂದರೆ ಒಂದು ನಿಮಿಷ ಪುಸ್ತಕ ತೆರೆಯಿರಿ. ಸಿಗದಿದ್ದರೆ ಆಟಗಾರನ ಪರವಾಗಿ ತೀರ್ಪು ಕೊಟ್ಟು ಮುಂದೆ ಹೋಗಿ, ಆಮೇಲೆ ಓದಿ. ತಪ್ಪಾಗಿದ್ದರೆ ತೀರ್ಪು ಕೊಟ್ಟವರೆದುರೇ ಒಪ್ಪಿಕೊಳ್ಳಿ. ಮತ್ತೆ ಒಂದು ನಿಯಮ ಹೇಳುವಾಗ ಅದಕ್ಕೆ ನಿಮ್ಮ ಸ್ವಂತ ಬಾಲ ಸೇರಿಸಬೇಡಿ. ನಮ್ಮ ಮನೆಯ ಕ್ಯಾಲೆಂಡರ್ ಹಾಳೆಯಲ್ಲಿ ಈ ನಾಲ್ಕನೇದನ್ನ ಹುಡುಗಿ ಕೆಂಪು ಇಂಕಿನಲ್ಲಿ ಬರೆದಿದ್ದಾಳೆ. ಕೆಳಗೆ ನನ್ನ ರುಜು ಹಾಕಿಸಿಕೊಂಡಿದ್ದಾಳೆ.